ಚುಕ್ಕಿ ಕಡತಗಳೂ ನಮ್ಮ ಬರಹವೇ ಅಲ್ವಾ?

ಸುಮಾರು ದಿನ ಆಯ್ತು ಈ ಕಡೆ ತಲೆ ಹಾಕಿ. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳೋದಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಕೈ ಕೊಟ್ಟಿತ್ತು. ಅದರ ಜೊತೆ ಏನು ಹೋಯ್ತು, ಯಾಕೆ ಹೋಯ್ತು ಅಂತ ಬರೆದಿಟ್ಟರೆ ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಬಹುದು ಅಂತ ಈ ಪೋಸ್ಟು. ಲಿನಕ್ಸ್ ಅಂದ ಕೂಡಲೇ ಓಡಿಹೋಗಬೇಡಿ ಮಾರಾಯ್ರೇ, ವಿಷಯ ಕನ್ನಡದ್ದೇ.

ಬೇಸಿಗೇಲಿ ಬಳ್ಳಾರಿಯ ಬಿಸಿಲು ಹೇಗಿರುತ್ತೆ ಅಂತ ಇಲ್ಲಿಗೆ ಬಂದವರಿಗೆ ಗೊತ್ತು. ಆ ಝಳದಲ್ಲಿ ಒಂದು ಮಧ್ಯಾಹ್ನ ಲ್ಯಾಪ್‌ಟಾಪು ಟಕ್ ಟಕ್ ಅಂತ ಸದ್ದು ಮಾಡತೊಡಗಿತು. ಹನ್ನೊಂದು ವರ್ಷ ದುಡಿದ ಯಂತ್ರ, ಬೈಯೋಕೂ ಮನಸ್ಸು ಬರಲಿಲ್ಲ. ರಿಪೇರಿ ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಒಳ್ಳೆಯವನು. "ಡಿಸ್ಕ್ ಇನ್ನೂ ಓದಾಕತ್ತೈತಿ ಸಾರ್, ಎಲ್ಲಾ ಕಾಪಿ ಮಾಡಿ ಹೊಸದು ಹಾಕ್ತೀನಿ" ಅಂದ. "ಹೋಮ್ ಫೋಲ್ಡರಿನಲ್ಲಿ ಇರೋದೆಲ್ಲ ಬೇಕಪ್ಪಾ" ಅಂದೆ. ಅವನು ಹಾಗೇ ಮಾಡಿದ. ಹೋಮ್ ತೆರೆದ, ಎಲ್ಲ ಆಯ್ಕೆ ಮಾಡಿದ, ನಕಲಿಸಿದ. ಫೋಟೋ, ಲೆಕ್ಕದ ಹಾಳೆಗಳು, ಬ್ಲಾಗಿನ ಕರಡುಗಳು ಎಲ್ಲ ಬಂದವು. ಖುಷಿಯಾಗಿ ದುಡ್ಡು ಕೊಟ್ಟು ಮನೆಗೆ ಬಂದೆ.

ರಾತ್ರಿ ಲಿಬ್ರೆಆಫೀಸ್ ತೆರೆದು ಬರೆಯಲು ಕೂತೆ. ಪುಟದ ತುಂಬ ಕೆಂಪು ಗೆರೆ! ಕೌಲ್ ಬಜಾರ್ ಅಂತ ಬರೆದರೂ ಕೆಂಪು, ಉಗ್ಗಾಣಿ ಅಂದರೂ ಕೆಂಪು. ಆಗ ಹೊಳೀತು, ನನ್ನ ಸ್ವಂತ ನಿಘಂಟು ಬಂದಿಲ್ಲ.

ನಿಮಗೆ ಗೊತ್ತಿರಬಹುದು, ಕೆಂಪು ಗೆರೆ ಬಿದ್ದ ಪದದ ಮೇಲೆ ಬಲ ಗುಂಡಿ ಒತ್ತಿ 'ನಿಘಂಟಿಗೆ ಸೇರಿಸು' ಅಂದರೆ ಆ ಪದ ಒಂದು ಕಡತಕ್ಕೆ ಹೋಗಿ ಕೂರುತ್ತದೆ. ಲಿನಕ್ಸಿನಲ್ಲಿ ಅದು ಹೋಮ್ ಫೋಲ್ಡರಿನ 'ಡಾಟ್ ಕಾನ್ಫಿಗ್' ಒಳಗೆ, ಲಿಬ್ರೆಆಫೀಸ್ ಒಳಗೆ, ಅದರೊಳಗೆ '4', ಅದರೊಳಗೆ 'ಯೂಸರ್', ಅದರೊಳಗೆ 'ವರ್ಡ್‌ಬುಕ್'... ಅಂತ ಏಳು ಸಮುದ್ರ ದಾಟಿ ಇರುತ್ತದೆ. 'ಡಾಟ್' ಅಂದರೆ ಹೆಸರಿನ ಮೊದಲಿಗೆ ಒಂದು ಚುಕ್ಕಿ. ಚುಕ್ಕಿ ಇದ್ದ ಫೋಲ್ಡರು ಕಣ್ಣಿಗೆ ಕಾಣಿಸಲ್ಲ. ಆ ಹುಡುಗನಿಗೂ ಕಾಣಿಸಲಿಲ್ಲ. 'ಎಲ್ಲ ಆಯ್ಕೆ ಮಾಡು' ಅಂದರೆ ಕಾಣುವುದಷ್ಟೇ ಆಯ್ಕೆಯಾಗುತ್ತದೆ. ಮರುದಿನ ಓಡಿಹೋಗಿ ಹಳೇ ಡಿಸ್ಕ್ ಮತ್ತೆ ಹಾಕಿಸಿದೆ. ಅಷ್ಟರಲ್ಲಿ ಅದು ಪೂರ್ತಿ ಮಲಗಿತ್ತು.

ತಪ್ಪು ಹುಡುಗನದಲ್ಲ, ನನ್ನದೇ. ವರ್ಷಗಟ್ಟಲೆ ಲಿನಕ್ಸ್ ಬಳಸ್ತೀನಿ ಅಂತ ಮೀಸೆ ತಿರುವಿದವನು ನಾನು. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಚುಕ್ಕಿ ಕಡತಗಳು ಕಾಣ್ತವೆ ಅಂತ ಅವನಿಗೆ ಒಂದು ಮಾತು ಹೇಳಬಹುದಿತ್ತು.

ಈ ಚುಕ್ಕಿಯ ಕಥೆ ಕೇಳಿದರೆ ಇನ್ನೂ ಹೊಟ್ಟೆ ಉರಿಯುತ್ತೆ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಗೂಗಲ್ ಪ್ಲಸ್‌ನಲ್ಲಿ ಇದನ್ನು ಬರೆದಿದ್ದರು (ಆ ಗೂಗಲ್ ಪ್ಲಸ್ಸೂ 2019ರಲ್ಲಿ ಮುಚ್ಚಿಹೋಯ್ತು, ಅದು ಬೇರೆ ದುಃಖ). ಪ್ರತಿ ಫೋಲ್ಡರಿನಲ್ಲೂ ಎರಡು ವಿಶೇಷ ಹೆಸರುಗಳು ಇರುತ್ತವೆ. ಒಂದು ಚುಕ್ಕಿ ಅಂದರೆ ಇದೇ ಫೋಲ್ಡರು, ಎರಡು ಚುಕ್ಕಿ ಅಂದರೆ ಇದರ ಮೇಲಿನದು. ಪಟ್ಟಿ ತೋರಿಸುವಾಗ ಇವೆರಡು ಬೇಡ ಅಂತ ಯಾರೋ ಪ್ರೋಗ್ರಾಂ ತಿದ್ದಿದರು. ಪೂರ್ತಿ ಹೆಸರು ಹೋಲಿಸುವ ಬದಲು, ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು ಅಂತ ಸುಲಭದ ದಾರಿ ಹಿಡಿದರು. ಅಷ್ಟಕ್ಕೇ ಚುಕ್ಕಿಯಿಂದ ಶುರುವಾಗುವ ಎಲ್ಲ ಕಡತಗಳೂ ಮಾಯವಾದವು. ಆಮೇಲೆ ಬಂದ ಪ್ರೋಗ್ರಾಂಗಳೆಲ್ಲ 'ಅರೆ, ಇದು ಚೆನ್ನಾಗಿದೆ' ಅಂತ ತಮ್ಮ ಸೆಟ್ಟಿಂಗುಗಳನ್ನು ಅಲ್ಲೇ ಬಚ್ಚಿಟ್ಟವು. ಯಾರೂ ಯೋಚಿಸಿ ಮಾಡಿದ ವ್ಯವಸ್ಥೆ ಅಲ್ಲ ಇದು. ಯುನಿಕ್ಸಿನ ಎಳೆಯ ದಿನಗಳಲ್ಲಿ ಯಾರೋ ಉಳಿಸಿದ ಅರ್ಧ ಸಾಲಿನ ಶ್ರಮಕ್ಕೆ ಕೌಲ್ ಬಜಾರಿನಲ್ಲಿ ನನ್ನ ಹನ್ನೊಂದು ವರ್ಷದ ಪದಗಳು ಹೋದವು ನೋಡಿ.

ಇರಲಿ. ಈಗ ನಾನು ಹೇಳಬೇಕು ಅಂತಿರೋ ಮಾತಿಗೆ ಬರ್ತೀನಿ.

ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬ ಸಾಫ್ಟ್‌ವೇರಿನವನು. ಫೋನಲ್ಲಿ ಗೋಳು ಹೇಳಿಕೊಂಡರೆ ನಕ್ಕುಬಿಟ್ಟ. "ಅದಕ್ಕೇ ಹೇಳೋದು ಕಣೋ, ಯಾವ ಸೆಟ್ಟಿಂಗೂ ಮುಟ್ಟಬಾರದು. ಬಂದ ಹಾಗೆ ಬಳಸಬೇಕು. ಆಗ ಯಾವ ಕಂಪ್ಯೂಟರಿನ ಮುಂದೆ ಕೂತರೂ ಕೆಲಸ ನಡೆಯುತ್ತೆ" ಅಂದ. ಅವನ ಮಾತಿನಲ್ಲಿ ಸತ್ಯ ಇಲ್ಲ ಅಂತ ಅಲ್ಲ. ಚುಕ್ಕಿ ಕಡತ ತಿದ್ದೋದೇ ಒಂದು ಹುಚ್ಚು ಮಾಡಿಕೊಂಡವರನ್ನು ನಾನೂ ನೋಡಿದ್ದೀನಿ. ಪರದೆಯ ಬಣ್ಣ ಬದಲಿಸಿ, ಪಾರದರ್ಶಕ ಮಾಡಿ, ಫೋಟೋ ತೆಗೆದು ಹಾಕಿ, ಮರುವಾರ ಮತ್ತೆ ಬದಲಿಸಿ... ಆ ಸಮಯದಲ್ಲಿ ಎರಡು ಪೋಸ್ಟು ಬರೆಯಬಹುದಿತ್ತಲ್ಲ ಅನ್ನಿಸುತ್ತೆ. ನಾನೂ ಒಂದು ಕಾಲಕ್ಕೆ ಅದೇ ಮಾಡಿದ್ದೆ ಅನ್ನೋದು ಬೇರೆ ಮಾತು.

ಆದರೆ ಗೆಳೆಯ ಒಂದು ಮರೆತ. 'ಬಂದ ಹಾಗೆ' ಅಂದರೆ ಯಾರಿಗೆ ಬಂದ ಹಾಗೆ? ಇಂಗ್ಲಿಷಿನಲ್ಲಿ ಬರೆಯುವವನಿಗೆ ಕಂಪ್ಯೂಟರು ಬಂದ ಹಾಗೇ ಸಾಕಾಗುತ್ತದೆ. ಕೀಲಿಮಣೆ ಅವನದು, ಫಾಂಟು ಅವನದು, ನಿಘಂಟು ಅವನದು. ಅವನಿಗೆ ಸೆಟ್ಟಿಂಗ್ ಅನ್ನೋದು ಶೋಕಿ. ನಮಗೆ ಹಾಗಲ್ಲ. ಕನ್ನಡದಲ್ಲಿ ದಿನಾ ಬರೆಯುವವನಿಗೆ ಕಂಪ್ಯೂಟರು ಬಂದ ಹಾಗೆ ಸಾಕಾಗಲ್ಲ, ಏನಾದರೂ ತಿದ್ದಲೇಬೇಕು. ಹೊಲಿಸಿದ ಅಂಗಿಗೂ ಸಿದ್ಧ ಅಂಗಿಗೂ ಇರುವ ವ್ಯತ್ಯಾಸ ಇದು. ಸಿದ್ಧ ಅಂಗಿಯ ಅಳತೆ ನಮ್ಮ ಮೈ ನೋಡಿ ಮಾಡಿದ್ದಲ್ಲ.

ಉದಾಹರಣೆ ಕೊಡ್ತೀನಿ. ನನ್ನ ಹಳೇ ಯಂತ್ರದಲ್ಲಿ ಏನೇನಿತ್ತು ಅಂತ ನೆನಪು ಮಾಡಿಕೊಂಡು ಪಟ್ಟಿ ಬರೆದೆ.

ಒಂದು, ಕೀಲಿಮಣೆ. ನಮ್ಮಲ್ಲಿ ಬಹಳ ಜನ ಬರಹ, ನುಡಿ ಕಾಲದಿಂದ ಬಂದವರು. ಬೆರಳಿಗೆ ಕಗಪ ವಿನ್ಯಾಸವೇ ರೂಢಿ. ಲಿನಕ್ಸಿನಲ್ಲಿ ಅದು ಇದೆ, ಆದರೆ ಹುಡುಕಿ ಆರಿಸಿಕೊಳ್ಳಬೇಕು. ಅದರ ಮೇಲೆ ನನ್ನ ಒಂದೆರಡು ತಿದ್ದುಪಡಿ. ನಾನಿರೋದು ಕೌಲ್ ಬಜಾರಿನಲ್ಲಿ. ಅಕ್ಕಪಕ್ಕದ ಮನೆಗಳಲ್ಲಿ ಉರ್ದು, ತೆಲುಗು, ಕನ್ನಡ ಮೂರೂ ಕೇಳಿಸುತ್ತವೆ. ಉರ್ದು ಹೆಸರುಗಳನ್ನು ಸರಿಯಾಗಿ ಬರೆಯಲು ಜ಼, ಫ಼ ಬೇಕು, ಅಂದರೆ ಅಕ್ಷರದ ಕೆಳಗಿನ ಎರಡು ಚುಕ್ಕಿ. ಆಮೇಲೆ ರಾಜ್‌ಕುಮಾರ್ ಅಂತ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಇಲ್ಲದಿದ್ದರೆ ಅಣ್ಣಾವ್ರು 'ರಾಜ್ಕುಮಾರ್' ಆಗಿಬಿಡ್ತಾರೆ! ಇದೆಲ್ಲಕ್ಕೂ ಬೆರಳಿಗೆ ಹತ್ತಿರದ ಕೀಲಿ ಇಟ್ಟುಕೊಂಡು ಒಂದು ಪುಟ್ಟ ಕಡತ ಮಾಡಿದ್ದೆ. ಅದು 'ಡಾಟ್ ಎಂ17ಎನ್ ಡಾಟ್ ಡಿ' ಅನ್ನೋ ಫೋಲ್ಡರಿನಲ್ಲಿತ್ತು. ಹೆಸರಿನ ಮೊದಲು ಚುಕ್ಕಿ. ಹೋಯ್ತು.

ಎರಡು, ಫಾಂಟು. ಒಂದೇ ಪುಟದಲ್ಲಿ ಇಂಗ್ಲಿಷು, ಕನ್ನಡ ಇದ್ದಾಗ ಕನ್ನಡಕ್ಕೆ ಯಾವ ಫಾಂಟು ಬರಬೇಕು ಅಂತ ವ್ಯವಸ್ಥೆಯೇ ತೀರ್ಮಾನಿಸುತ್ತದೆ. ನೋಟೋ, ಲೋಹಿತ್, ಗುಬ್ಬಿ, ಹೀಗೆ ನಾಲ್ಕಾರು ಇದ್ದರೆ ಅದಕ್ಕೆ ತೋಚಿದ್ದನ್ನು ಎತ್ತಿಕೊಳ್ಳುತ್ತದೆ. ನನಗೆ ಓದಲು ಗುಬ್ಬಿ ಹಿತ. ಅದಕ್ಕೆ 'ಫಾಂಟ್ಸ್ ಡಾಟ್ ಕಾನ್ಫ್' ಕಡತದಲ್ಲಿ ಕೆಲವು ಸಾಲು ಬರೆದಿದ್ದೆ. ಅದೂ ಡಾಟ್ ಕಾನ್ಫಿಗ್ ಒಳಗೇ. ಹೋಯ್ತು.

ಮೂರು, ನಿಘಂಟು. ಇದೇ ದೊಡ್ಡ ಪೆಟ್ಟು. ಇಂಗ್ಲಿಷಿನವನ ಸ್ವಂತ ನಿಘಂಟಿನಲ್ಲಿ ಎಷ್ಟು ಪದ ಇರಬಹುದು? ಅವನ ಹೆಸರು, ಊರಿನ ಹೆಸರು, ನಾಲ್ಕು ತಾಂತ್ರಿಕ ಪದ. ಕನ್ನಡದ ಗತಿ ನೋಡಿ. ಮನೆ, ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರಿಗೆ, ಮನೆಯಲ್ಲಿದ್ದವರಿಗೂ... ಒಂದು ಪದಕ್ಕೆ ಬಾಲದ ಮೇಲೆ ಬಾಲ. ಸಿಗುವ ನಿಘಂಟು ಎಷ್ಟೇ ದೊಡ್ಡದಿದ್ದರೂ ಇವೆಲ್ಲ ಅದರಲ್ಲಿರಲ್ಲ. ಹಾಗಾಗಿ ಕನ್ನಡದಲ್ಲಿ ಬರೆಯುವವನ ಸ್ವಂತ ನಿಘಂಟು ಬೆಳೀತಾನೇ ಇರುತ್ತದೆ. ಜೊತೆಗೆ ನಮ್ಮೂರ ಮಾತು. ಯಾವ ನಿಘಂಟಿನವರು 'ಬೇಸೈತಿ' ಅಂತ ಸೇರಿಸ್ತಾರೆ ಹೇಳಿ? ಅವ್ವ ಅಡುಗೆಮನೆಯಿಂದ ಕೂಗಿ ಹೇಳಿದ ಎಷ್ಟೋ ಪದಗಳನ್ನು ನಾನು ಸುಮ್ಮನೆ ಟೈಪ್ ಮಾಡಿ, ಬಲ ಗುಂಡಿ ಒತ್ತಿ, ಸೇರಿಸಿಬಿಡುತ್ತಿದ್ದೆ. ಮುಂದೆ ಯಾವಾಗಲಾದರೂ ಬರೆಯೋಣ ಅಂತ. ಅವು ಯಾವ ಪೋಸ್ಟಿನಲ್ಲೂ ಬರಲಿಲ್ಲ. ಆ ಕಡತದಲ್ಲಿ ಮಾತ್ರ ಇದ್ದವು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಕನ್ನಡದಲ್ಲಿ ಬರೆಯುವವರಿಗೆ ಈ ಚುಕ್ಕಿ ಕಡತಗಳು ಯಂತ್ರದ ಭಾಗ ಅಲ್ಲ, ನಮ್ಮ ಬರಹದ ಭಾಗ. ಬ್ಲಾಗಿನ ಕರಡನ್ನು ಹೇಗೆ ಕಾಪಾಡ್ತೀವೋ ಇವನ್ನೂ ಹಾಗೇ ಕಾಪಾಡಬೇಕು. ಬರೀ ನಕಲು ಇಟ್ಟರೆ ಸಾಲದು, ಯಾಕೆ ಬರೆದೆ ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೆದೂ ಇಡಬೇಕು.

ಆ 'ಯಾಕೆ' ಅನ್ನೋದನ್ನು ನನಗೆ ಕಲಿಸಿದ್ದು ಯಾವ ಕಂಪ್ಯೂಟರ್ ಪುಸ್ತಕವೂ ಅಲ್ಲ. ಬಳ್ಳಾರಿ ಜೀನ್ಸ್ ಹೆಸರು ನೀವು ಕೇಳಿರ್ತೀರಿ. ನಮ್ಮ ಪಕ್ಕದ ಬೀದೀಲೂ ಒಂದು ಹೊಲಿಗೆ ಯೂನಿಟ್ ಇದೆ. ಸಂಜೆ ಹೊತ್ತು ಅಲ್ಲಿ ಲೆಕ್ಕ ಬರೆಯೋಕೆ ಹೋಗ್ತೀನಿ. ಗೋಡೆ ಮೇಲೆ ಮೊಳೆಗೆ ಸಿಕ್ಕಿಸಿದ ದಪ್ಪ ಕಾಗದದ ಪ್ಯಾಟರ್ನುಗಳು. ಒಂದೊಂದು ಸೈಜಿಗೂ ಒಂದೊಂದು ಕಟ್ಟು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಏನೇನೋ ಬರೆದಿರುತ್ತದೆ. ಒಂದು ದಿನ ಕೇಳಿದೆ.

"ಇದೇನು ಮಾಸ್ಟರ್, ಸೊಂಟದ ಹತ್ರ ಇಷ್ಟುದ್ದ ಬರ್ದೀರಿ?"

"ಆ ಬಟ್ಟೆ ವಾಶಿಂಗಿಗೆ ಹೋದ್ರ ಕುಗ್ತೈತಿ ಸಾರ್. ಅದಕ್ಕ ಅಳತಿಗಿಂತ ಜಾಸ್ತಿ ಕಟ್ ಮಾಡ್ಬೇಕು. ಎಷ್ಟು, ಯಾವ ಬಟ್ಟಿಗೆ, ಅದು ಬರ್ದಿದ್ದು."

"ನಿಮಗ ಬಾಯಿಪಾಠ ಇರ್ತೈತಲ್ಲ, ಮತ್ತ್ಯಾಕ ಬರೀಬೇಕು?"

"ನನಗಲ್ಲ ಸಾರ್. ನಾನು ರಜಾ ಹಾಕಿದ ದಿನ ಹೊಸ ಹುಡುಗ ಬರ್ತಾನ. ಪ್ಯಾಟರ್ನು ಅಳೀತಾನ. ಏನಿದು ಮಾಸ್ಟರು ತಪ್ಪು ಮಾಡ್ಯಾರ ಅಂತ ಕತ್ರಿ ತಗೊಂಡು ಸರಿ ಮಾಡಿಬಿಡ್ತಾನ! ಆಮ್ಯಾಕ ಇಡೀ ಲಾಟು ಬಿಗಿ."

ನಾನು ನಕ್ಕೆ, ಮನೆಗೆ ಬಂದು ಸುಮ್ಮನಾದೆ. ಯಾಕಂದ್ರೆ ಆ ಹೊಸ ಹುಡುಗ ನಾನೇ ಆಗಿದ್ದೆ. ಒಂದು ಸಲ ನನ್ನ ಫಾಂಟಿನ ಕಡತದಲ್ಲಿ ಒಂದು ವಿಚಿತ್ರ ಸಾಲು ಕಂಡು, ಇದ್ಯಾಕೆ ಬೇಕು ಅಂತ ಅಳಿಸಿದ್ದೆ. ಎರಡು ದಿನ ಆದಮೇಲೆ ಲೆಕ್ಕದ ಹಾಳೆಯಲ್ಲಿ ಗುಡಿಸುಗಳ ತಲೆ ಕತ್ತರಿಸಿ ಹೋಗಿತ್ತು. ಬರೆದಿದ್ದು ನಾನೇ, ಅಳಿಸಿದ್ದೂ ನಾನೇ. ಯಾಕೆ ಬರೆದಿದ್ದೆ ಅಂತ ಒಂದು ಸಾಲು ಇದ್ದಿದ್ದರೆ ಆ ಎರಡು ದಿನ ಉಳೀತಿತ್ತು.

ಸರಿ, ಈಗ ಏನು ಮಾಡ್ತಿದೀನಿ ಅಂತ ಹೇಳಿಬಿಡ್ತೀನಿ. ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ಮರೀಬೇಡಿ.

ಮೊದಲನೆಯದು, ಚುಕ್ಕಿ ಇಲ್ಲದ ಹೆಸರಿನ ಒಂದು ಫೋಲ್ಡರು. ಎಲ್ಲರ ಕಣ್ಣಿಗೂ ಕಾಣುವಂಥದು. ನಾನು ಕೈಯಾರೆ ಬರೆದ, ತಿದ್ದಿದ ಕಡತಗಳು ಮಾತ್ರ ಅದರಲ್ಲಿ. ಡಾಟ್ ಕಾನ್ಫಿಗ್ ಪೂರ್ತಿ ಎತ್ತಿ ಇಡೋಕೆ ಹೋಗಬೇಡಿ. ಅದರಲ್ಲಿ ಮುಕ್ಕಾಲು ಪಾಲು ಪ್ರೋಗ್ರಾಂಗಳು ತಾವೇ ಬರೆದುಕೊಂಡ ಕಸ. ಕಿಟಕಿ ಎಷ್ಟು ಅಗಲ ಇತ್ತು, ಕೊನೆಗೆ ತೆರೆದ ಕಡತ ಯಾವುದು, ಇಂಥವು. ಅದನ್ನೆಲ್ಲ ಹೊಸ ಯಂತ್ರಕ್ಕೆ ಸುರಿದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ನನ್ನದು ಅಂತ ಆರಿಸಿದರೆ ಹತ್ತು ಹನ್ನೆರಡು ಕಡತ ಉಳಿದವು, ಅಷ್ಟೇ.

ಎರಡನೆಯದು, ಕಡತ ಇರೋದು ಈ ಫೋಲ್ಡರಿನಲ್ಲಿ, ಪ್ರೋಗ್ರಾಂ ಹುಡುಕುವ ಜಾಗದಲ್ಲಿ ಅದಕ್ಕೊಂದು ಕೊಂಡಿ. ಲಿನಕ್ಸಿನಲ್ಲಿ ಇದನ್ನು ಸಿಂಬಾಲಿಕ್ ಲಿಂಕ್ ಅಂತಾರೆ. ಒಂದೊಂದಾಗಿ ಮಾಡೋಕೆ ಬೇಜಾರಾದರೆ ಗ್ನೂ ಸ್ಟೋ ಅನ್ನೋ ಪುಟ್ಟ ಸಾಧನ ಎಲ್ಲ ಕೊಂಡಿಗಳನ್ನು ಒಂದೇ ಆಜ್ಞೆಯಲ್ಲಿ ಹಾಕಿಕೊಡುತ್ತದೆ. ಒಂದು ಎಚ್ಚರಿಕೆ. ಕೆಲವು ಪ್ರೋಗ್ರಾಂಗಳು ಉಳಿಸುವಾಗ ಹಳೇ ಕಡತ ತೆಗೆದು ಹೊಸದನ್ನು ಇಡುತ್ತವೆ, ಆಗ ಕೊಂಡಿ ಕಳಚುತ್ತದೆ. ಅದಕ್ಕೇ ನಿಘಂಟಿಗೆ ನಾನು ಕೊಂಡಿ ಹಾಕಿಲ್ಲ. ಭಾನುವಾರ ಭಾನುವಾರ ನಕಲು ಮಾಡ್ತೀನಿ, ಅಷ್ಟೇ.

ಮೂರನೆಯದು, ಗಿಟ್. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ಲಿಗಾಗಿ ಬರೆದ ಸಾಧನ. ನಮಗೆ ಅದರ ನೂರರಲ್ಲಿ ಒಂದು ಭಾಗ ಸಾಕು. ಏನು ಬದಲಾಯಿತು, ಯಾವತ್ತು, ಹಿಂದಕ್ಕೆ ಹೋಗಬೇಕಾದರೆ ಹೇಗೆ, ಇಷ್ಟು ಗೊತ್ತಾದರೆ ಆಯ್ತು. ಪ್ರತಿ ಬದಲಾವಣೆಗೂ ಒಂದು ಸಾಲಿನ ಟಿಪ್ಪಣಿ ಕೇಳುತ್ತದಲ್ಲ, ಅದನ್ನು ಕನ್ನಡದಲ್ಲೇ ಬರೀತೀನಿ. ಬಹಳಷ್ಟು ಟರ್ಮಿನಲ್ಲುಗಳಲ್ಲಿ ಒತ್ತಕ್ಷರ ಚೂರಾಗಿ ಕಾಣುತ್ತವೆ, ನಿಜ. ಕಡತದೊಳಗೆ ಸರಿಯಾಗೇ ಇರುತ್ತವೆ. ಮಾಮೂಲಿ ಪಠ್ಯ ಸಂಪಾದಕದಲ್ಲಿ ತೆರೆದರೆ ಚೆನ್ನಾಗೇ ಓದಬಹುದು.

ನಾಲ್ಕನೆಯದು, ಗ್ನೋಮ್ ಬಳಸುವವರಿಗೆ. ನೀವು ಸೆಟ್ಟಿಂಗಿನಲ್ಲಿ ಆರಿಸಿದ ಕೀಲಿಮಣೆ ವಗೈರೆ ಓದಬಲ್ಲ ಕಡತದಲ್ಲಿ ಇರೋದಿಲ್ಲ, ಡಿಕಾನ್ಫ್ ಅನ್ನೋ ಒಂದು ಮುಚ್ಚಿದ ಡಬ್ಬಿಯಲ್ಲಿ ಇರುತ್ತದೆ. 'ಡಿಕಾನ್ಫ್ ಡಂಪ್' ಅಂತ ಆಜ್ಞೆ ಕೊಟ್ಟರೆ ಅದು ಓದಬಲ್ಲ ಪಠ್ಯವಾಗಿ ಹೊರಬರುತ್ತದೆ, 'ಡಿಕಾನ್ಫ್ ಲೋಡ್' ಅಂದರೆ ವಾಪಸು ಒಳಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ಬಹಳ ದಿನ ಒದ್ದಾಡಿದ್ದೆ.

ಐದನೆಯದು, ಬಹಳ ಮುಖ್ಯ. ಪಾಸ್‌ವರ್ಡು, ಎಸ್‌ಎಸ್‌ಎಚ್ ಖಾಸಗಿ ಕೀಲಿ, ಮೇಲ್ ಪ್ರೋಗ್ರಾಮಿನ ಗುಟ್ಟು, ಇವು ಯಾವುದೂ ಈ ಫೋಲ್ಡರಿಗೆ ಬರಬಾರದು. ಅದರಲ್ಲೂ ಗಿಟ್‌ಹಬ್ ಥರದ ಜಾಗಕ್ಕೆ ಏರಿಸುವುದಿದ್ದರೆ ಎರಡು ಸಲ ನೋಡಿ. ಆಮೇಲೆ ಅಳಿಸಿದರೂ ಗಿಟ್ಟಿನ ಇತಿಹಾಸದಲ್ಲಿ ಅದು ಕೂತೇ ಇರುತ್ತದೆ. ನಾನಂತೂ ಎಲ್ಲೂ ಏರಿಸಿಲ್ಲ. ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಇನ್ನೊಂದು ತಂಗಿ ಮನೆಯ ಕಂಪ್ಯೂಟರಿನಲ್ಲಿ.

ಇದನ್ನೆಲ್ಲ ಕೇಳಿದ ಬೆಂಗಳೂರಿನ ಗೆಳೆಯ "ಇಷ್ಟೇನಾ? ಶೆಮ್ವಾ ಬಳಸು, ಆನ್ಸಿಬಲ್ ಬಳಸು" ಅಂತ ಇನ್ನೂ ನಾಲ್ಕು ಹೆಸರು ಹೇಳಿದ. ಒಳ್ಳೆಯವೇ ಇರಬಹುದು. ಹತ್ತು ಯಂತ್ರ ನೋಡಿಕೊಳ್ಳುವವರಿಗೆ ಬೇಕಾಗಲೂಬಹುದು. ನನ್ನ ಹತ್ತಿರ ಇರೋದು ಒಂದು ಲ್ಯಾಪ್‌ಟಾಪು. ಸಾಧನ ಯಾವುದು ಅಂತ ವಾದ ಮಾಡುವುದರಲ್ಲೇ ಸಂಜೆ ಕಳೆದು, ಕಡತ ಎತ್ತಿಡೋದೇ ಮರೆತರೆ ಏನು ಬಂತು? ಬರೀ ಒಂದು ಫೋಲ್ಡರು, ಅದರ ಎರಡು ನಕಲು ಇದ್ದರೂ ಅಡ್ಡಿಯಿಲ್ಲ, ಇವತ್ತೇ ಮಾಡಿ. ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಹೊಸದೊಂದು ಬಳಕೆದಾರ ಖಾತೆ ತೆರೆದು, ಆ ಫೋಲ್ಡರಿನಿಂದ ಎಲ್ಲ ವಾಪಸು ಬರುತ್ತಾ ಅಂತ ಒಂದು ಸಲ ನೋಡಿ. ನಾನು ನೋಡಿದಾಗ ಫಾಂಟಿನ ಕಡತವನ್ನೇ ಸೇರಿಸಿರಲಿಲ್ಲ!

ನಿಘಂಟಿನ ವಿಷಯಕ್ಕೆ ಬಂದರೆ, ಅರ್ಧ ವಾಪಸು ಬಂತು. ಬಂದಿದ್ದು ಎಲ್ಲಿಂದ ಗೊತ್ತಾ? ಈ ಬ್ಲಾಗಿನಿಂದಲೇ. ಹಳೇ ಪೋಸ್ಟುಗಳನ್ನೆಲ್ಲ ಇಳಿಸಿಕೊಂಡು, ಸಾಲಿಗೊಂದು ಪದ ಮಾಡಿ, ಒಂದೇ ಪದ ಎರಡು ಸಲ ಬಂದದ್ದನ್ನು ತೆಗೆದು, ಕೂತು ಕಣ್ಣಿನಲ್ಲೇ ಆರಿಸಿದೆ. ಬಿಟ್ಟಿ ಜಾಗ ಅಂತ ಹಗುರವಾಗಿ ಕಂಡಿದ್ದ ಈ ಪುಟ ನನ್ನ ಪದಗಳನ್ನು ಉಳಿಸಿಕೊಟ್ಟಿತು. ನಿಮ್ಮ ಬ್ಲಾಗುಗಳ ಒಂದು ಪ್ರತಿಯನ್ನೂ ಇಳಿಸಿ ಇಟ್ಟುಕೊಳ್ಳಿ ಸ್ವಾಮಿ, ನಾಳೆ ಈ ಬಿಟ್ಟಿ ಜಾಗವೂ ಇರುತ್ತೆ ಅಂತ ಏನು ಗ್ಯಾರಂಟಿ?

ಪೋಸ್ಟಿನಲ್ಲಿ ಬರದೇ ಉಳಿದ ಪದಗಳಿಗೆ ಮಾತ್ರ ದಾರಿ ಇರಲಿಲ್ಲ. ಹೋದ ವಾರ ಅವ್ವನ ಹತ್ತಿರ ಕೂತೆ. "ನೀನು ನನ್ನ ಚಿಕ್ಕಂದಿನಲ್ಲಿ ಬೈತಿದ್ದೆಯಲ್ಲ, ಆ ಪದ ಯಾವುದವ್ವಾ?" ಅಂತ ಶುರು ಮಾಡಿದೆ.

"ಯಾಕೋ, ಈಗ ಬೈಸ್ಕೋಬೇಕಾ?" ಅಂದಳು.

"ಕಂಪ್ಯೂಟರಿಗೆ ಕಲಿಸ್ಬೇಕವ್ವಾ."

"ಅದಕ್ಕೂ ಬೈಗುಳ ಕಲಿಸ್ತೀಯಾ? ಬೇಸಾತು ಬಿಡು" ಅಂತ ನಕ್ಕಳು. ಎರಡು ಗಂಟೆಯಲ್ಲಿ ನಲವತ್ತು ಪದ ಹೇಳಿದಳು. ಅದರಲ್ಲಿ ಹಳೇ ಕಡತದಲ್ಲಿದ್ದವು ಎಷ್ಟೋ, ಹೊಸವು ಎಷ್ಟೋ, ಗೊತ್ತಾಗಲಿಲ್ಲ. ಒಂದು ಮಾತ್ರ ಇನ್ನೂ ಸಿಕ್ಕಿಲ್ಲ. ಮಳೆ ಬರೋ ಮುಂಚೆ ಮೋಡ ಮುಸುಕಿ ಸೆಕೆ ಹಿಡಿದು ಕೂರುತ್ತಲ್ಲ, ಅದಕ್ಕೆ ಅಜ್ಜಿ ಒಂದು ಮಾತು ಹೇಳ್ತಿದ್ದಳು. ಅವ್ವನಿಗೂ ನಾಲಿಗೆ ತುದಿಯಲ್ಲೇ ಇದೆ, ಬರ್ತಿಲ್ಲ. ಅಜ್ಜಿ ಇಲ್ಲ. ನಾನು ಅದನ್ನು ಸೇರಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ, ಬಲ ಗುಂಡಿ ಒತ್ತಿದ್ದೂ ನೆನಪಿದೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಆ ಸೆಕೆಗೆ ಏನಂತಾರೆ ಅಂತ ಕೇಳಿ ನೋಡಿ, ಸಿಕ್ಕರೆ ಕೆಳಗೆ ಬರೆಯಿರಿ. ಹಾಗೇ ನಿಮ್ಮ ಸೆಟ್ಟಿಂಗುಗಳಲ್ಲಿ ಕನ್ನಡಕ್ಕಾಗಿ ಏನೇನು ಮಾಡಿಕೊಂಡಿದ್ದೀರಿ ಅಂತಲೂ ತಿಳಿಸಿ. ಒಬ್ಬರು ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದನ್ನು ಇನ್ನೊಬ್ಬರು ಮತ್ತೆ ಮೊದಲಿನಿಂದ ಕಂಡುಹಿಡಿಯೋದು ಯಾಕೆ? ನನ್ನ ಕೀಲಿಮಣೆ ಕಡತ ಬೇಕಾದವರು ಹೇಳಿ, ಕಳಿಸ್ತೀನಿ. ಪ್ರತಿ ಸಾಲಿಗೂ 'ಯಾಕೆ' ಅಂತ ಬರೆದಿದ್ದೀನಿ ಈ ಸಲ.

ಮತ್ತೆ ಸಿಗೋಣ.